ಸೋದರಿ ನಗರದ ಕಡತ: ಮೊದಲ ಪತ್ರದಿಂದ ನಾಲ್ಕನೇ ವರ್ಷದವರೆಗೆ

ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದಿಂದ ಕೂಗಳತೆಯ ದೂರದಲ್ಲಿ ಮಿನ್ಸ್ಕ್ ಸ್ಕ್ವೇರ್ ಇದೆ. ದಿನವೂ ಅಲ್ಲಿ ಸಿಗ್ನಲ್‌ಗೆ ನಿಲ್ಲುವವರಲ್ಲಿ ಹೆಚ್ಚಿನವರಿಗೆ ಅದು ಯಾವ ಮಿನ್ಸ್ಕ್, ಇಲ್ಲಿಗೆ ಯಾಕೆ ಬಂತು ಎಂಬ ಯೋಚನೆ ಬಂದಿರಲಾರದು. ಬೆಲಾರೂಸ್‌ನ ರಾಜಧಾನಿಯಾದ ಆ ಮಿನ್ಸ್ಕ್‌ನಲ್ಲೂ ಬೆಂಗಳೂರಿನ ಹೆಸರಿನ ಒಂದು ಚೌಕವಿದೆ. 1973ರಲ್ಲಿ, ಬೆಲಾರೂಸ್ ಇನ್ನೂ ಸೋವಿಯತ್ ಒಕ್ಕೂಟದಲ್ಲಿದ್ದಾಗ, ಎರಡು ನಗರಗಳು ಸೋದರಿಯರಾದದ್ದರ, ಅಂದರೆ ಪರಸ್ಪರ ಸಹಕಾರಕ್ಕೆ, ಜನರ ಓಡಾಟಕ್ಕೆ ಒಪ್ಪಂದ ಮಾಡಿಕೊಂಡದ್ದರ ಗುರುತು ಅವು. ಆಮೇಲೆ 1992ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್, 2000ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ, 2013ರಲ್ಲಿ ಚೀನಾದ ಚೆಂಗ್ಡು ಬಂದು ಸೇರಿದವು. ಮಂಗಳೂರಿಗೆ ಕೆನಡಾದ ಹ್ಯಾಮಿಲ್ಟನ್ 1968ರಿಂದ ಸೋದರಿ. ಮೈಸೂರಿಗೆ ಅಮೆರಿಕದ ಸಿನ್ಸಿನಾಟಿ. ಅಂದಹಾಗೆ ಫ್ರೇಜರ್ ಟೌನ್ ಮಗ್ಗುಲಿನ ಕ್ಲೀವ್‌ಲ್ಯಾಂಡ್ ಟೌನ್‌ಗೂ ಒಹಾಯೊದ ಕ್ಲೀವ್‌ಲ್ಯಾಂಡ್‌ಗೂ ಸಂಬಂಧವಿಲ್ಲ. ಅದು ದಂಡಿನ ಕಾಲದ ಹೆಸರು. ಸಭೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ.

ಇಂಥ ಕಡತ ನಿಭಾಯಿಸುವವರಿಗೆ ಬೇಗನೆ ತಿಳಿಯುವ ಸಂಗತಿ ಒಂದಿದೆ. ಸಹಿ ಮಾಡಿಸುವುದು ಕಷ್ಟವಲ್ಲ, ಸಹಿಯಾದ ಎರಡನೇ ವರ್ಷ ಕಡತ ಯಾರ ಮೇಜಿನ ಮೇಲಿರುತ್ತದೆ ಎಂದು ಮೊದಲೇ ಗೊತ್ತುಮಾಡುವುದು ಕಷ್ಟ. ಕೆಳಗಿನದೆಲ್ಲ ಆ ಒಂದು ಗಂಟಿನ ಸುತ್ತಲೇ ಸುತ್ತುತ್ತದೆ.

ಮೊದಲು ಪದದ ವಿಚಾರ, ಇದನ್ನು ಚಿಲ್ಲರೆ ಎಂದು ಬಿಡುವಂತಿಲ್ಲ. ಬ್ರಿಟನ್ನಿನಲ್ಲಿ ಇದು ಅವಳಿ ಪಟ್ಟಣ, ಜರ್ಮನಿಯಲ್ಲಿ ಪಾಲುದಾರ ನಗರ. ಜಪಾನಿನ ಪದದಲ್ಲಿ ಅಕ್ಕ ತಂಗಿ ಎರಡೂ ಅಕ್ಷರಗಳು ಕೂಡಿಕೊಂಡಿವೆ. 1973ರಲ್ಲಿ ಜಪಾನಿನ ಕೋಬೆ ಮತ್ತು ಚೀನಾದ ತಿಯಾನ್‌ಜಿನ್ ಜೊತೆಗೂಡುವಾಗ ಅಕ್ಕ ಯಾರು, ತಂಗಿ ಯಾರು ಎಂಬ ಪ್ರಶ್ನೆ ಎದ್ದು, ಆಗಿನ ಚೀನಾ ಪ್ರಧಾನಿ ಚೌ ಎನ್‌ಲಾಯ್ ಅವರ ಸೂಚನೆಯಂತೆ ಆ ದೇಶ 'ಸ್ನೇಹ ನಗರ' ಎಂದು ಕರೆಯತೊಡಗಿತು. ನಮಗೂ ಅದೇ ಪೇಚು: ಅಚ್ಚಕನ್ನಡದಲ್ಲಿ ಅಕ್ಕ ಇದ್ದಾಳೆ, ತಂಗಿ ಇದ್ದಾಳೆ, ಹಿರಿಕಿರಿಯ ಎನ್ನದ ಪದ ಬೇಕೆಂದರೆ ಸೋದರಿ ಎಂದು ಸಂಸ್ಕೃತಕ್ಕೆ ಹೋಗಬೇಕು. ಪತ್ರವ್ಯವಹಾರದಲ್ಲಿ ಚೀನಾದ ನಗರಕ್ಕೆ 'ಸ್ನೇಹ ನಗರ', ಅಮೆರಿಕದ ನಗರಕ್ಕೆ 'ಸೋದರಿ ನಗರ' ಎಂದೇ ಬರೆಯಿರಿ. ಅಮೆರಿಕದಲ್ಲಿ 'ಸ್ನೇಹ ನಗರ' ಎಂದರೆ ಸೋದರಿಯಾಗುವುದಕ್ಕೂ ಮುಂಚಿನ, ಒಂದು ಮೆಟ್ಟಿಲು ಕೆಳಗಿನ ಹಂತ. ಒಂದೇ ಮಾದರಿ ಪತ್ರವನ್ನು ಎರಡೂ ಕಡೆ ಕಳಿಸಿದರೆ ಒಬ್ಬರಿಗೆ ಕಡಿಮೆ ಮಾಡಿದ ಹಾಗಾಗುತ್ತದೆ.

ನಗರ ಆರಿಸುವಾಗ ಹೆಸರು ನೋಡಿ ಹೋಗುವುದು ಸಾಮಾನ್ಯ ತಪ್ಪು. ದೊಡ್ಡ ನಗರಕ್ಕೆ ಈಗಾಗಲೇ ಹತ್ತಿಪ್ಪತ್ತು ಸೋದರಿಯರಿರುತ್ತಾರೆ. ಹೊಸಬಳ ಪತ್ರಕ್ಕೆ ಉತ್ತರ ಬರುವುದೇ ತಡ. ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡರೆ ಸಾಕು. ಎರಡೂ ನಗರಗಳಿಗೆ ಹೊಂದುವ ಒಂದು ಕೆಲಸ ಯಾವುದು (ಕೆರೆ, ಕಸ, ರೇಷ್ಮೆ, ವಸ್ತುಸಂಗ್ರಹಾಲಯ, ಏನಾದರೂ ಸರಿ, ಆದರೆ ಒಂದೇ)? ಅಲ್ಲಿ ನಮ್ಮವರು ನೆಲೆಸಿದ್ದಾರೆಯೇ? ಎರಡು ಕಾಲೇಜುಗಳ ನಡುವೆ ಈಗಾಗಲೇ ಓಡಾಟವಿದೆಯೇ? ಅವರ ಕಡೆ ಈ ಕೆಲಸಕ್ಕೆ ಸಂಬಳ ಪಡೆಯುವವರು ಇದ್ದಾರೆಯೇ, ಸ್ವಯಂಸೇವಕರು ಮಾತ್ರವೇ? ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ. ಮುಂದೆ ಎಲ್ಲ ನಿಲ್ಲುವುದು ಅದರ ಮೇಲೆಯೇ.

ಬೆಂಗಳೂರಿನ ಸೋದರಿಯರನ್ನೇ ನೋಡಿ. ಚೆಂಗ್ಡುವಿನಲ್ಲಿ ನಗರಾಡಳಿತಕ್ಕೆ ಸ್ವಂತ ವಿದೇಶಾಂಗ ಕಚೇರಿ ಇದೆ. ಅಲ್ಲಿಯವರಿಗೆ ಇದು ದಿನನಿತ್ಯದ ಉದ್ಯೋಗ. ಮಿನ್ಸ್ಕ್‌ನಲ್ಲಿ ನಗರ ಕಾರ್ಯಕಾರಿ ಸಮಿತಿಯ ಅಧ್ಯಕ್ಷರನ್ನು ನೇಮಿಸುವವರು ದೇಶದ ಅಧ್ಯಕ್ಷರು. ಹಾಗಾಗಿ ಪತ್ರ ರಾಯಭಾರ ಕಚೇರಿಯ ಮೂಲಕ ಹೋದರೇ ಚೆನ್ನ. ಸ್ಯಾನ್ ಫ್ರಾನ್ಸಿಸ್ಕೊ, ಕ್ಲೀವ್‌ಲ್ಯಾಂಡ್‌ಗಳಲ್ಲಿ ಮೇಯರ್ ಕಚೇರಿ ಹೆಸರು ಕೊಡುತ್ತದೆ, ಕೆಲಸ ಮಾಡುವುದು ಊರಿನವರ ಸಮಿತಿ, ಹಣವನ್ನೂ ಹೊಂದಿಸಬೇಕಾದದ್ದು ಆ ಸಮಿತಿಯೇ. ಅಮೆರಿಕದ ಈ ಪದ್ಧತಿಯ ಬೇರು 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಶುರುಮಾಡಿದ ಜನರಿಂದ ಜನರಿಗೆ ಎಂಬ ಕಾರ್ಯಕ್ರಮದಲ್ಲಿದೆ. ಸರ್ಕಾರ ಹಿಂದೆ ಸರಿದು ನಾಗರಿಕರು ಮುಂದೆ ಬರಲಿ ಎಂಬುದೇ ಅದರ ಆಶಯ. ಇದು ತಿಳಿಯದೆ ಇಲ್ಲಿಂದ ಆಯುಕ್ತರು ಅಲ್ಲಿಯ ಮೇಯರ್‌ಗೆ ಪತ್ರದ ಮೇಲೆ ಪತ್ರ ಬರೆಯುತ್ತಾರೆ, ಅಲ್ಲಿಯ ಸಮಿತಿಯವರು ಇಲ್ಲಿ ತಮ್ಮಂಥ ಸಮಿತಿಯನ್ನು ಹುಡುಕುತ್ತಾರೆ, ಇಬ್ಬರೂ ಎದುರಿನವರಿಗೆ ಆಸಕ್ತಿಯಿಲ್ಲ ಎಂದುಕೊಳ್ಳುತ್ತಾರೆ.

ಇನ್ನೊಂದು ಹೊಂದಾಣಿಕೆ ಇನ್ನೂ ಕಠಿಣ. ಸ್ಯಾನ್ ಫ್ರಾನ್ಸಿಸ್ಕೊ ನಗರವೂ ಹೌದು, ಕೌಂಟಿಯೂ (ನಮ್ಮ ಜಿಲ್ಲೆಯಂಥದ್ದು) ಹೌದು. ವಿಮಾನ ನಿಲ್ದಾಣ ನಗರದ್ದೇ, ಹೆಚ್ ಹೆಚಿ ಎಂಬ ಜಲಾಶಯದ ನೀರು ನಗರದ್ದೇ, ಬಸ್ಸು, ಪೊಲೀಸು ಎಲ್ಲ ನಗರದ್ದೇ. ಬೆಂಗಳೂರಿನಲ್ಲಿ ನೀರು ಜಲಮಂಡಳಿಯದು, ಬಸ್ಸು ಬಿಎಂಟಿಸಿಯದು, ವಿದ್ಯುತ್ತು ಬೆಸ್ಕಾಂನದು, ಬಡಾವಣೆ ಬಿಡಿಎಯದು, ಪೊಲೀಸರು ರಾಜ್ಯದ ಗೃಹ ಇಲಾಖೆಯವರು. ಪಾಲಿಕೆ ಒಂದೇ ಸಹಿ ಹಾಕಿ 'ನೀರು ನಿರ್ವಹಣೆಯಲ್ಲಿ ಸಹಕಾರ' ಎಂದು ಬರೆದರೆ ಆ ಸಾಲನ್ನು ಜಾರಿಮಾಡುವ ಅಧಿಕಾರ ಸಹಿ ಹಾಕಿದವರಿಗೇ ಇರುವುದಿಲ್ಲ. ಆದ್ದರಿಂದ ಒಪ್ಪಂದದ ಕರಡು ಬರೆಯಲು ಕೂರುವ ಮೊದಲೇ ಒಂದು ಪಟ್ಟಿ ಮಾಡಿ. ಎಡಗಡೆ ಅವರ ಇಲಾಖೆ, ಬಲಗಡೆ ಅದೇ ಕೆಲಸ ನಮ್ಮಲ್ಲಿ ಯಾರದು. ಬಲಗಡೆ ಬೇರೆ ಸಂಸ್ಥೆ ಬಂದ ಸಾಲುಗಳಿಗೆ ಆ ಸಂಸ್ಥೆಯ ಒಪ್ಪಿಗೆ ಪತ್ರ ತರಿಸಿ, ಇಲ್ಲವೇ ಆ ವಿಷಯವನ್ನೇ ಕೈಬಿಡಿ. ಸಾಮಾನ್ಯವಾಗಿ ಹತ್ತು ವಿಷಯಗಳಿಂದ ಹೊರಟ ಕರಡು ಇಲ್ಲಿ ಮೂರಕ್ಕೆ ಇಳಿಯುತ್ತದೆ. ಇಳಿಯಲಿ. ಪಾಲಿಕೆಯ ಕೈಯಲ್ಲೇ ಇರುವ ಉದ್ಯಾನ, ಘನತ್ಯಾಜ್ಯ, ಪಾಲಿಕೆ ಶಾಲೆ, ರಂಗಮಂದಿರ ಇವುಗಳಿಂದ ಶುರುವಾದ ಸಂಬಂಧಕ್ಕೆ ಮೊದಲ ವರ್ಷ ತೋರಿಸಲು ಏನಾದರೂ ಇರುತ್ತದೆ.

ಕೋರ್ ಸಮಿತಿಗೆ ಏಳು ಜನ ಸಾಕು. ಪಾಲಿಕೆಯ ಇಬ್ಬರು, ಸಂಬಂಧಪಟ್ಟ ಬೇರೆ ಸಂಸ್ಥೆಯ ಒಬ್ಬರು, ಒಂದು ಕಾಲೇಜು, ಒಂದು ವಾಣಿಜ್ಯ ಸಂಘ, ಒಂದು ಕಲಾ ಸಂಸ್ಥೆ, ಆ ನಗರದಲ್ಲಿ ಬದುಕಿ ಬಂದ ಒಬ್ಬರು. ಹದಿನೈದಾದರೆ ಕೋರಂ ಕೂಡುವುದಿಲ್ಲ. ಪಾಲಿಕೆಯ ಇಬ್ಬರಲ್ಲಿ ಒಬ್ಬರು ವರ್ಗಾವಣೆಗೆ ಒಳಪಡದ ಹುದ್ದೆಯವರಾಗಿರಬೇಕು ಎಂಬುದು ನಮ್ಮ ಹಟ. ಕರ್ನಾಟಕ ಪೌರ ನಿಗಮಗಳ 1976ರ ಕಾಯ್ದೆಯಡಿ ಮೇಯರ್ ಅವಧಿ ಒಂದು ವರ್ಷ, ಆಯುಕ್ತರ ವರ್ಗಾವಣೆಗೆ ಕಾಲವಿಲ್ಲ. ಪತ್ರ ಬರೆದವರು, ಸಹಿ ಹಾಕಿದವರು, ಮೊದಲ ನಿಯೋಗವನ್ನು ಬರಮಾಡಿಕೊಂಡವರು ಮೂವರೂ ಬೇರೆ ಬೇರೆಯಾಗುವುದು ಇಲ್ಲಿ ಮಾಮೂಲು. ಎದುರುಗಡೆಯವರು ಪ್ರತಿ ಸಲ ಹೊಸ ಹೆಸರಿಗೆ ಅಭಿನಂದನಾ ಪತ್ರ ಬರೆದು ಬರೆದು ಸುಸ್ತಾಗುತ್ತಾರೆ.

ಇನ್ನು ಅನುಮತಿಗಳು. ವಿದೇಶಾಂಗ ವ್ಯವಹಾರ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿದೆ; ಪಾಲಿಕೆ ತನ್ನಷ್ಟಕ್ಕೆ ಹೊರದೇಶದ ನಗರದೊಂದಿಗೆ ಒಡಂಬಡಿಕೆ ಮಾಡಿಕೊಳ್ಳುವಂತಿಲ್ಲ. ದಾರಿ ಹೀಗೆ ಸಾಗುತ್ತದೆ: ಪಾಲಿಕೆ ಸಭೆಯ ಠರಾವು, ಅಲ್ಲಿಂದ ನಗರಾಭಿವೃದ್ಧಿ ಇಲಾಖೆ, ಅಲ್ಲಿಂದ ವಿದೇಶಾಂಗ ಸಚಿವಾಲಯ. ಸಚಿವಾಲಯದಲ್ಲಿ 2014ರಿಂದ ರಾಜ್ಯಗಳಿಗೆಂದೇ ಒಂದು ವಿಭಾಗವಿದೆ. ದೊಡ್ಡವರ ಭೇಟಿಯ ಹೊತ್ತಿಗೆ ಈ ದಾರಿ ತಿರುವುಮುರುವಾಗುವುದೂ ಉಂಟು. ಬೆಂಗಳೂರು–ಚೆಂಗ್ಡು ಒಪ್ಪಂದ 2013ರ ಅಕ್ಟೋಬರ್‌ನಲ್ಲಿ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಬೀಜಿಂಗ್‌ಗೆ ಹೋದಾಗ ದೆಹಲಿ–ಬೀಜಿಂಗ್, ಕೋಲ್ಕತ್ತ–ಕುನ್‌ಮಿಂಗ್ ಜೋಡಿಗಳ ಜೊತೆಗೇ ಆದದ್ದು. 2014ರ ಆಗಸ್ಟ್ 30ರಂದು ಕ್ಯೋಟೊದಲ್ಲಿ ವಾರಾಣಸಿಯ ಒಪ್ಪಂದಕ್ಕೆ ನಮ್ಮ ಕಡೆಯಿಂದ ಸಹಿ ಹಾಕಿದವರು ಜಪಾನಿನಲ್ಲಿದ್ದ ಭಾರತದ ರಾಯಭಾರಿ. ಅವರ ಕಡೆಯಿಂದ ಕ್ಯೋಟೊದ ಮೇಯರ್. ಇಂಥ ಒಪ್ಪಂದ ಮೇಲಿನಿಂದ ಬೇಗ ಬರುತ್ತದೆ, ಆದರೆ ಕೆಳಗೆ ಪಾಲಿಕೆಯಲ್ಲಿ ಅದಕ್ಕೆ ಕಡತವೇ ಇಲ್ಲದಿರಬಹುದು. ವಾರಾಣಸಿಯಲ್ಲಿ 2021ರಲ್ಲಿ ತೆರೆದ ರುದ್ರಾಕ್ಷ ಸಮಾವೇಶ ಕೇಂದ್ರವನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. ಅದಕ್ಕೆ ನೆರವು ಬಂದದ್ದು ಜಪಾನ್ ಸರ್ಕಾರದ ಕಡೆಯಿಂದ ಎಂಬುದನ್ನು ಮರೆತು, ಸೋದರಿ ನಗರ ಎಂದರೆ ಕಟ್ಟಡ ಬರುತ್ತದೆ ಎಂದು ಲೆಕ್ಕ ಹಾಕಬಾರದು. ನಗರ ನಗರಕ್ಕೆ ಕೊಡುವುದು ಹೆಚ್ಚಾಗಿ ಜನರ ಸಮಯ, ಹಣವಲ್ಲ.

ಹೊರಗಿನಿಂದ ಆಹ್ವಾನ ಬಂತು, ಟಿಕೆಟ್ ಮತ್ತು ಹೋಟೆಲ್ ಅವರದೇ ಎಂದಾಗ ಪಾಲಿಕೆ ಸದಸ್ಯರು ಖುಷಿಯಾಗುತ್ತಾರೆ. ಅಲ್ಲೇ ಒಂದು ಕಾನೂನು ಕಾದಿರುತ್ತದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ 2010ರ ಆರನೇ ಕಲಮಿನ ಪ್ರಕಾರ ಶಾಸನಸಭೆಯ ಸದಸ್ಯರು ವಿದೇಶಿ ಆತಿಥ್ಯ ಪಡೆಯಲು ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಅದು ಶಾಸಕರಿಗೆ ತಾನೇ ಎಂದು ಬಿಟ್ಟುಬಿಡುತ್ತಾರೆ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಪುರಸಭೆ, ಪಂಚಾಯಿತಿಗಳೂ ಶಾಸನಸಭೆಯೊಳಗೇ ಬರುತ್ತವೆ. ಕಾರ್ಪೊರೇಟರ್ ಕೂಡ ಈ ಅನುಮತಿಯ ಅರ್ಜಿಯಾದ ಎಫ್‌ಸಿ-2 ನಮೂನೆ ತುಂಬಲೇಬೇಕು. ಅಧಿಕಾರಿಗಳಿಗೂ ಅದೇ. ಅರ್ಜಿ ಆನ್‌ಲೈನ್, ಹೊರಡುವ ದಿನಕ್ಕೆ ಕನಿಷ್ಠ ಎರಡು ವಾರ ಮೊದಲು, ಆಹ್ವಾನ ಪತ್ರ ಮತ್ತು ಆಡಳಿತ ಇಲಾಖೆಯ ಒಪ್ಪಿಗೆಯೊಂದಿಗೆ. ಎರಡು ವಾರ ಎಂಬುದು ಕಾಗದದ ಮೇಲಿನ ಗಡುವು. ಆರು ವಾರ ಇಟ್ಟುಕೊಳ್ಳಿ. ಖರ್ಚು ನಮ್ಮದೇ ಆದರೆ ಎಫ್‌ಸಿ-2 ಬೇಡ, ಆದರೆ ಅಧಿಕಾರಿಗಳಿಗೆ ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ ಆಗಲೂ ಬೇಕು. ಅದರದು ಬೇರೆ ಪೋರ್ಟಲ್. ಎರಡನ್ನೂ ಒಂದೇ ಎಂದುಕೊಂಡು ಒಂದಕ್ಕೆ ಮಾತ್ರ ಅರ್ಜಿ ಹಾಕುವುದರಿಂದಲೇ ಪ್ರವಾಸಗಳು ಕೊನೆಯ ವಾರದಲ್ಲಿ ಮುಗ್ಗರಿಸುತ್ತವೆ.

ಕರಡು ಎರಡು ಪುಟ ಮೀರದಿರಲಿ. ಇದು ಅಂತರರಾಷ್ಟ್ರೀಯ ಕಾನೂನಿನಡಿ ಬಾಧ್ಯತೆ ಹುಟ್ಟಿಸುವುದಿಲ್ಲ ಎಂಬ ಸಾಲು, ಎಲ್ಲವೂ ಹಣದ ಲಭ್ಯತೆಗೆ ಒಳಪಟ್ಟಿದೆ ಎಂಬ ಸಾಲು, ಭಿನ್ನಾಭಿಪ್ರಾಯ ಬಂದರೆ ಮಾತುಕತೆಯಿಂದ ಬಗೆಹರಿಸುವುದು, ಯಾವ ಭಾಷೆಯ ಪಠ್ಯ ಅಂತಿಮ ಎಂಬುದು. ಕನ್ನಡ ಪ್ರತಿಯೂ ಇರಲಿ, ಆದರೆ ಅದನ್ನು ಸಹಿಯ ಹಿಂದಿನ ರಾತ್ರಿ ಅನುವಾದಿಸಬೇಡಿ. 'ಪ್ರಯತ್ನಿಸುತ್ತವೆ' ಎಂಬುದು ಅವಸರದ ಅನುವಾದದಲ್ಲಿ 'ಮಾಡತಕ್ಕದ್ದು' ಆಗಿಬಿಟ್ಟರೆ ಲೆಕ್ಕಪರಿಶೋಧನೆಯಲ್ಲಿ ಪ್ರಶ್ನೆ ಏಳುತ್ತದೆ. ಅವಧಿ ಐದು ವರ್ಷ, ತಾನಾಗಿ ನವೀಕರಣವಾಗುವುದು ಬೇಡ. ತಾನಾಗಿ ಮುಂದುವರಿಯುವ ಒಪ್ಪಂದವನ್ನು ಯಾರೂ ತೆರೆದು ನೋಡುವುದಿಲ್ಲ. ಐದನೇ ವರ್ಷ ಮುಗಿಯುತ್ತದೆ ಎಂದಾಗಲಾದರೂ ಕಡತ ಧೂಳು ಕೊಡವಿಕೊಳ್ಳುತ್ತದೆ.

ಒಪ್ಪಂದದಿಂದ ಹೊರಬರುವ ಬಿಡುಗಡೆಯ ಕಲಮು ಬರೆಯಲು ಮುಜುಗರ ಬೇಡ. ಮದುವೆಯ ಮಂಟಪದಲ್ಲಿ ವಿಚ್ಛೇದನದ ಮಾತೇಕೆ ಎಂದು ಹಿರಿಯರು ತಡೆಯುತ್ತಾರೆ. ಒಸಾಕಾ ಮತ್ತು ಸ್ಯಾನ್ ಫ್ರಾನ್ಸಿಸ್ಕೊ 1957ರಿಂದ ಸೋದರಿಯರು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆಯ ಲೈಂಗಿಕ ಗುಲಾಮಗಿರಿಗೆ ಸಿಕ್ಕ ಹೆಂಗಸರ ಸ್ಮಾರಕವನ್ನು ಸ್ಯಾನ್ ಫ್ರಾನ್ಸಿಸ್ಕೊ ನಗರ ತನ್ನ ಸ್ವತ್ತಾಗಿ ಸ್ವೀಕರಿಸಿದ ಮೇಲೆ 2018ರಲ್ಲಿ ಒಸಾಕಾ ಮೇಯರ್ ಸಂಬಂಧವನ್ನೇ ಕಡಿದರು. ಚೆಕ್ ರಾಜಧಾನಿ ಪ್ರಾಗ್ 2016ರಲ್ಲಿ ಬೀಜಿಂಗ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ 'ಒಂದೇ ಚೀನಾ' (ತೈವಾನ್ ಕೂಡ ಚೀನಾದ್ದೇ ಎಂಬ) ನೀತಿಯನ್ನು ಒಪ್ಪುವ ಕಲಮು ಇತ್ತು. ಹೊಸ ಮೇಯರ್ ಅದನ್ನು ತೆಗೆಯಿರಿ ಎಂದರು, ಆಗಲಿಲ್ಲ, 2019ರಲ್ಲಿ ಒಪ್ಪಂದ ಮುರಿಯಿತು. ಮರುವರ್ಷ ಪ್ರಾಗ್ ತೈವಾನಿನ ತೈಪೆಯ ಕೈಹಿಡಿಯಿತು. ಪಾಲಿಕೆಯ ಒಪ್ಪಂದದಲ್ಲಿ ದೇಶದ ವಿದೇಶ ನೀತಿಯ ಒಂದು ಪದವೂ ಇರಬಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಪ್ರತಿಮೆ, ಸ್ಮಾರಕ, ರಸ್ತೆಯ ಹೆಸರು ಇವಕ್ಕೆ ಪ್ರತ್ಯೇಕ ಠರಾವು ಬೇಕು ಎಂಬ ಸಾಲನ್ನೂ ಸೇರಿಸಿ. ಆರು ತಿಂಗಳ ನೋಟಿಸು, ನಡೆಯುತ್ತಿರುವ ವಿದ್ಯಾರ್ಥಿ ವಿನಿಮಯ ಮುಗಿಯುವವರೆಗೆ ರಕ್ಷಣೆ, ಇಷ್ಟಿದ್ದರೆ ಮೇಲಿನವರ ಜಗಳದಲ್ಲಿ ಮಕ್ಕಳು ನಡುನೀರಿನಲ್ಲಿ ಉಳಿಯುವುದಿಲ್ಲ.

ದಿನಾಂಕ ಗೊತ್ತುಮಾಡುವಾಗ ಪಂಚಾಂಗಕ್ಕಿಂತ ಚುನಾವಣಾ ಆಯೋಗದ ಕಡೆ ನೋಡಬೇಕು. 2023ರಲ್ಲಿ ವಿಧಾನಸಭೆಯ ನೀತಿ ಸಂಹಿತೆ ಮಾರ್ಚ್ 29ಕ್ಕೆ, 2024ರಲ್ಲಿ ಲೋಕಸಭೆಯದು ಮಾರ್ಚ್ 16ಕ್ಕೆ ಜಾರಿಯಾಯಿತು. ಅದೇ ತಿಂಗಳು ಹಣಕಾಸು ವರ್ಷದ ಕೊನೆ ಬೇರೆ. ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ಏನನ್ನೂ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ನವೆಂಬರ್‌ನಿಂದ ಫೆಬ್ರುವರಿ ನಿಯೋಗ ಬರಮಾಡಿಕೊಳ್ಳಲು ಹದ. ದಸರೆಯ ಹತ್ತು ದಿನ ಮೈಸೂರಿಗೆ ಕರೆಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಆಗ ಹೋಟೆಲ್ ಕೊಠಡಿಯೂ ಸಿಗದು, ಮಾತಿಗೆ ಅಧಿಕಾರಿಯೂ ಸಿಗರು. ಅಮೆರಿಕಕ್ಕೆ ಹೋಗುವ ನಿಯೋಗಗಳದು ಇನ್ನೊಂದು ಚಾಳಿ: ಕನ್ನಡ ಕೂಟಗಳ ಒಕ್ಕೂಟ 'ಅಕ್ಕ' ಎರಡು ವರ್ಷಕ್ಕೊಮ್ಮೆ ನಡೆಸುವ ಸಮ್ಮೇಳನಕ್ಕೆ ಗಂಟುಹಾಕಿ ಪ್ರವಾಸ ಹೂಡುವುದು. ಸಮ್ಮೇಳನ ಸಾಮಾನ್ಯವಾಗಿ ಲೇಬರ್ ಡೇ ರಜೆಯ ಆಸುಪಾಸಿಗೆ ಬರುತ್ತದೆ. ಸೆಪ್ಟೆಂಬರ್ ಮೊದಲ ಸೋಮವಾರ ಅಲ್ಲಿಯ ಸಿಟಿ ಹಾಲ್ ಮುಚ್ಚಿರುತ್ತದೆ. ಅಕ್ಕನ ಮನೆಗೆ ಹೋಗಿ ತಂಗಿಯ ಮನೆ ಬಾಗಿಲು ಬಡಿದು ಬಂದ ಹಾಗೆ.

ವಿಡಿಯೊ ಸಭೆಯ ಲೆಕ್ಕ ಸರಳ, ಆದರೂ ತಪ್ಪುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಅವರ ಬೆಳಗಿನ 8 ಎಂದರೆ ನಮಗೆ ರಾತ್ರಿ 8.30 ಅಥವಾ 9.30. ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ ಗಡಿಯಾರ ಬದಲಾಗುತ್ತದೆ. ಆ ವಾರದ ಸಭೆಗೆ ಅರ್ಧ ಜನ ತಪ್ಪಿಸಿಕೊಳ್ಳುತ್ತಾರೆ. ಎರಡೂ ಕಡೆಯ ತರಗತಿಗಳನ್ನು ನೇರ ಕೂಡಿಸಲು ಅಲ್ಲಿ ಸಾಧ್ಯವೇ ಇಲ್ಲ. ಪಾಠದ ವಿಡಿಯೊ ಮಾಡಿ ಕಳಿಸುವುದೇ ದಾರಿ. ಮಿನ್ಸ್ಕ್ ಎರಡೂವರೆ ಗಂಟೆ ಹಿಂದೆ, ಚೆಂಗ್ಡು ಎರಡೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ 11.30 ಆದಾಗ ಮಿನ್ಸ್ಕ್‌ನಲ್ಲಿ ಬೆಳಗಿನ 9, ಚೆಂಗ್ಡುವಿನಲ್ಲಿ ಮಧ್ಯಾಹ್ನ 2. ಮೂರೂ ಊರಿನ ಶಾಲೆಗಳು ಒಟ್ಟಿಗೆ ತೆರೆದಿರುವ ಹೊತ್ತು. ಭಾರತ–ಚೀನಾ ನಡುವೆ 2020ರಿಂದ 2025ರ ಅಕ್ಟೋಬರ್‌ವರೆಗೆ ನೇರ ವಿಮಾನವೇ ಇಲ್ಲದಾಗಲೂ ಇಂಥದ್ದೊಂದು ಪರದೆ ತೆರೆಯಬಹುದಿತ್ತು.

ಉಡುಗೊರೆಗೆ ಮೈಸೂರು ರೇಷ್ಮೆ, ಬಿದರಿ, ಚನ್ನಪಟ್ಟಣದ ಗೊಂಬೆ ಕಣ್ಣುಮುಚ್ಚಿ ಕೊಡಬಹುದು. ಬೀಟೆ ಮರದ ಕುಸುರಿ ಫಲಕದ ವಿಷಯದಲ್ಲಿ ಎಚ್ಚರ. ಆ ಮರದ ಇಡೀ ಕುಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಎಂಬ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2019ರ ತಿದ್ದುಪಡಿಯ ಮೇಲೆ ಹತ್ತು ಕಿಲೋವರೆಗಿನ ಸಿದ್ಧವಸ್ತುಗಳಿಗೆ ವಿನಾಯಿತಿ ಸಿಕ್ಕಿದೆ, ಆದರೆ ಗೋಡೆಯಗಲದ ಫಲಕ ಮಾಡಿಸಿದರೆ ಅದು ಕಸ್ಟಮ್ಸ್‌ನಲ್ಲೇ ಉಳಿಯುತ್ತದೆ. ಗಂಧದ ಕೆತ್ತನೆಗೂ ಕಾಗದಪತ್ರ ಕೇಳುತ್ತಾರೆ. ಗಂಧದ ಸೋಪು ಕೊಟ್ಟು ಸುಮ್ಮನಾಗುವುದು ಮೇಲು.

ಮೊದಲ ನಿಯೋಗ ಆರು ಜನ, ಐದು ದಿನ. ಆರರಲ್ಲಿ ಕನಿಷ್ಠ ಮೂವರು ಕೆಲಸ ಮಾಡುವವರಾಗಿರಲಿ: ತೋಟಗಾರಿಕೆಯ ಅಧಿಕಾರಿ, ಕಸ ವಿಂಗಡಣೆ ನೋಡುವ ಎಂಜಿನಿಯರ್, ಶಾಲೆಯ ಮುಖ್ಯೋಪಾಧ್ಯಾಯರು. ಮೂರು ಕಡೆ ಹಾರ, ಎರಡು ಕಡೆ ಭಾಷಣ ಎಂದು ದಿನ ತುಂಬಿಸಿದರೆ ಎಂಜಿನಿಯರ್ ಎಂಜಿನಿಯರ್ ಜೊತೆ ಮಾತಾಡಲು ಒಂದು ಗಂಟೆಯೂ ಉಳಿಯದು. ಅವರು ಇಲ್ಲಿಗೆ ಬಂದಾಗ ಊಟ, ವಾಹನ, ದುಭಾಷಿ, ವೇದಿಕೆ ಎಲ್ಲಕ್ಕೂ ಖರೀದಿ ನಿಯಮ ಅನ್ವಯ. ಟೆಂಡರ್‌ಗೆ ವಾರಗಳು ಬೇಕು, ಭೇಟಿ ಹದಿನೈದು ದಿನದಲ್ಲಿದೆ ಎಂದಾಗ ಯಾವುದೋ ಬೇರೆ ಲೆಕ್ಕಶೀರ್ಷಿಕೆಯಿಂದ ಖರ್ಚು ಹಾಕಿ ವರ್ಷಗಟ್ಟಲೆ ಆಕ್ಷೇಪಣೆಗೆ ಉತ್ತರ ಬರೆಯುವ ಪಾಡು. ಪಾಲಿಕೆ ಬಜೆಟ್ಟಿನಲ್ಲಿ ಸಣ್ಣದಾದರೂ ಸ್ವಂತ ಶೀರ್ಷಿಕೆ ತೆರೆಸಿ, ವಾರ್ಷಿಕ ದರ ಒಪ್ಪಂದ ಮಾಡಿಟ್ಟುಕೊಳ್ಳಿ.

ಸಹಿಯ ದಿನವೇ ಎರಡನೇ ವರ್ಷದ ಕ್ರಿಯಾಯೋಜನೆಗೂ ಒಪ್ಪಿಗೆ ಬೀಳಬೇಕು: ಮೂರು ಕೆಲಸ, ಪ್ರತಿಯೊಂದಕ್ಕೆ ಎರಡೂ ಕಡೆ ಒಂದೊಂದು ಹುದ್ದೆ (ವ್ಯಕ್ತಿಯ ಹೆಸರಲ್ಲ, ಹುದ್ದೆ), ಒಂದು ತಿಂಗಳು, ಒಂದು ಮೊತ್ತ. ಇಮೇಲ್ ವಿಳಾಸವೂ ಹುದ್ದೆಯದೇ ಆಗಿರಲಿ. ಸ್ವಂತ ಖಾತೆಯಲ್ಲಿ ನಡೆದ ಪತ್ರವ್ಯವಹಾರ ವರ್ಗಾವಣೆಯ ಜೊತೆ ಹೊರಟುಹೋಗುತ್ತದೆ. ಅಮೆರಿಕದ ಸೋದರಿ ನಗರಗಳ ಸಂಸ್ಥೆ ನಿದ್ದೆಹೋದ ಸಂಬಂಧಗಳನ್ನು 'ನಿವೃತ್ತ' ಎಂದು ಬೇರೆ ಪಟ್ಟಿಗೆ ಹಾಕುತ್ತದೆ. ನಮ್ಮಲ್ಲಿ ಅಂಥ ಪಟ್ಟಿಯಿಲ್ಲ. ಎಲ್ಲವೂ ಕಾಗದದ ಮೇಲೆ ಜೀವಂತ. ನಾಲ್ಕನೇ ವರ್ಷ ಕುಳಿತು, ಎರಡು ವರ್ಷದಿಂದ ಒಂದು ಕೆಲಸವೂ ಆಗದಿದ್ದರೆ ಎದುರಿನವರನ್ನು ನೇರವಾಗಿ ಕೇಳುವುದು ಗೌರವ.

ಬೆಂಗಳೂರಿಗೆ ಈಗ ಇದಕ್ಕಿಂತ ಮೊದಲ ಪ್ರಶ್ನೆಯೊಂದಿದೆ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ಮೇಯರ್ ಎಂಬವರೇ ಇರಲಿಲ್ಲ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯೂ ಇಲ್ಲ. ಅದರ ಜಾಗದಲ್ಲಿ ಐದು ನಗರಪಾಲಿಕೆ, ಮೇಲೆ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಮಿನ್ಸ್ಕ್ ಸ್ಕ್ವೇರ್ ಬಿದ್ದಿರುವುದು ಕೇಂದ್ರ ನಗರಪಾಲಿಕೆಯ ಪಾಲಿಗೆ. ಆದರೆ ಮಿನ್ಸ್ಕ್ ಸೋದರಿಯಾದದ್ದು ಇಡೀ ಬೆಂಗಳೂರಿಗೆ. ಐದರಲ್ಲಿ ಒಂದಕ್ಕೆ ಒಬ್ಬೊಬ್ಬ ಸೋದರಿಯನ್ನು ಹಂಚುವುದೋ, ಪ್ರಾಧಿಕಾರವೇ ನಾಲ್ಕನ್ನೂ ಇಟ್ಟುಕೊಳ್ಳುವುದೋ? ಪ್ರಾಧಿಕಾರದಲ್ಲಿ ಒಂದು ಶಿಷ್ಟಾಚಾರ ಶಾಖೆ, ಕೆಲಸಕ್ಕೆ ತಕ್ಕ ಪಾಲಿಕೆಗೆ ಜವಾಬ್ದಾರಿ ಎಂಬುದು ನಮ್ಮ ಸಲಹೆ. ಯಾವುದಾದರೂ ಆಗಲಿ, ನಾಲ್ಕೂ ನಗರಗಳಿಗೆ ಒಂದು ಪುಟದ ಪತ್ರ ಮೊದಲು ಹೋಗಬೇಕು: ನಿಮ್ಮ ಜೊತೆ ಒಡಂಬಡಿಕೆ ಮಾಡಿಕೊಂಡ ಸಂಸ್ಥೆ ಈಗಿಲ್ಲ, ಅದರ ಹಕ್ಕು ಬಾಧ್ಯತೆ ಇಂಥವರಿಗೆ ಬಂದಿದೆ, ಇನ್ನು ಮುಂದೆ ಬರೆಯಬೇಕಾದ ವಿಳಾಸ ಇದು.